ಲಾರಿಯ ಬಾಣಂತನ

ಸಿಲ್ವರ್ ಪೇಂಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಬಾದಾಮಿಯ ನಮ್ಮ ಮನೆಯ ಕಬ್ಬಿಣದ ಗೇಟಿಗೆ ಬಣ್ಣ ಹಚ್ಚಲು ಬಂದವನು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನಾನು ಎದ್ದು ಹಿತ್ತಲಿಗೆ ಹೋಗಿ ಕೂತೆ. "ಯಾಕವ್ವಾ, ತಲಿ ನೋಯಾಕತ್ತೇನು?" ಅಂತ ಮಗಳು ಮಂಗಲಾ ಹಿಂದೆಯೇ ಬಂದಳು. ತಲೆನೋವಲ್ಲ, ಸಿಟ್ಟು. ಅವಳಷ್ಟೇ ವಯಸ್ಸಿನ ಸಿಟ್ಟು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅಂತ ಹೇಳುತ್ತಾರಲ್ಲ, ಅವರು ಯಾರ ಮೇಲೂ ನೆಟ್ಟಗೆ ಸಿಟ್ಟು ಮಾಡಿಕೊಂಡವರಲ್ಲ.

ಎಂಬತ್ತರ ದಶಕದ ಶುರುವಿನ ಒಂದು ಚಳಿಗಾಲ. ನಾನು ಚೊಚ್ಚಲ ಬಾಣಂತನಕ್ಕೆ ಇಳಕಲ್ಲಿನ ತವರುಮನೆಗೆ ಬಂದಿದ್ದೆ. ಅಪ್ಪನದು ಒಂದು ಹಳೆಯ ಡೀಸೆಲ್ ಲಾರಿ ಇತ್ತು. ಊರ ಹೊರಗಿನ ಕ್ವಾರಿಗಳಿಂದ ಕೆಂಪು ಕಲ್ಲು ಹೇರಿಕೊಂಡು ಬಾಗಲಕೋಟೆಯ ರೈಲು ನಿಲ್ದಾಣಕ್ಕೆ ಹಾಕಿ ಬರುವುದು ಅದರ ಕೆಲಸ. ಓಡಿಸುತ್ತಿದ್ದವನು ರಾಜೇಸಾಬ, ನಾನು ಲಂಗ ಉಡುವಾಗಿನಿಂದ ನಮ್ಮಲ್ಲೇ ಇದ್ದವನು. ಅಪ್ಪನಿಗೆ ಆ ಲಾರಿಯ ಮೇಲಿದ್ದ ಮಮತೆ ಎಂಥದ್ದು ಅಂದರೆ, ಅವ್ವನಿಗೆ ಜ್ವರ ಬಂದರೆ "ಕಷಾಯ ಕುಡಿ" ಅನ್ನುತ್ತಿದ್ದವನು ಲಾರಿ ಕೆಮ್ಮಿದರೆ ಹುನಗುಂದದಿಂದ ಮಿಸ್ತ್ರಿಯನ್ನು ಕರೆಸುತ್ತಿದ್ದ.

ಆ ವರ್ಷ ಮಹಾನವಮಿಯ ಖಂಡೆಪೂಜೆಗೆ ಅಪ್ಪ ಲಾರಿಯ ಎಂಜಿನ್ನಿಗೆ ತಾನೇ ಕೂತು ಸಿಲ್ವರ್ ಪೇಂಟ್ ಹೊಡೆದ. ಪ್ರತಿ ವರ್ಷ ಹೊರಮೈಗಷ್ಟೇ ಬಣ್ಣ, ಎಂಜಿನ್ನಿಗೆ ವಿಭೂತಿ ಹಚ್ಚಿ ಒಂದು ಹೂವಿನ ಮಾಲೆ ಹಾಕಿದರೆ ಮುಗಿಯುತ್ತಿತ್ತು. ಆ ಸಲ ಮಾತ್ರ ಅಲ್ಲಲ್ಲಿ ಬೋಲ್ಟು ಬಿಚ್ಚಿ, ಸಂದಿಗೊಂದಿ ಬಿಡದೆ, ಒಂದು ಕೈ ಒಣಗಿದ ಮೇಲೆ ಮತ್ತೊಂದು ಕೈ ಹೊಡೆದ. ತುಂಬಿದ ಬಸುರಿ ನಾನು ಕಟ್ಟೆಯ ಮೇಲೆ ಕೂತು ಆ ವಾಸನೆಗೆ ಸೆರಗು ಮುಚ್ಚಿಕೊಂಡು ನೋಡುತ್ತಿದ್ದೆ. ಎಂಜಿನ್ನು ಬೆಳ್ಳಿಯ ಗಿಂಡಿಯ ಹಾಗೆ ಫಳಫಳ ಹೊಳೆಯಿತು. ಬಂದುಹೋದವರನ್ನೆಲ್ಲ ಕರೆದು ಬಾನೆಟ್ ಎತ್ತಿ ತೋರಿಸಿದ್ದೇ ತೋರಿಸಿದ್ದು.

ಹಬ್ಬಕ್ಕೆ ಕ್ವಾರಿಗಳು ಬಂದ್ ಆಗಿದ್ದವು, ಲಾರಿ ಅಂಗಳದಲ್ಲೇ ನಿಂತಿತ್ತು. ರಜೆ ಮುಗಿದು ಮೊದಲ ಸಲ ಅದನ್ನು ಹೊರಗೆ ತೆಗೆಯಬೇಕಾದ ಬೆಳಿಗ್ಗೆಯೇ ಮಂಗಲಾ ಹುಟ್ಟಿದಳು. ಒಳಗೆ ಸೂಲಗಿತ್ತಿ "ಹೆಣ್ಣುಕೂಸು" ಅಂದಳು. ಹೊರಗೆ ಲಾರಿ ಒಂದೆರಡು ಸಲ ಮುಲುಗಿ ಸುಮ್ಮನಾಯಿತು. ಆ ಎರಡು ಸುದ್ದಿಗಳನ್ನು ಅವತ್ತು ಯಾರೂ ಒಟ್ಟಿಗೆ ಗಂಟು ಹಾಕಲಿಲ್ಲ. ಓಣಿಯವರು ಬಂದು ದಬ್ಬಿದರು, ಲಾರಿ ಹೋಯಿತು.

ಅದು ಅಂದಿನದಷ್ಟೇ ಆಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ದೀಪಾವಳಿ ಕಳೆದು ಚಳಿ ಬಿತ್ತು, ಲಾರಿ ಪೂರ್ತಿ ಹಟಕ್ಕೆ ಬಿತ್ತು. ಆ ಕಾಲದ ಹಳೆಯ ಡೀಸೆಲ್ ಎಂಜಿನ್ನು ಚಳಿಯಲ್ಲಿ ಸುಮ್ಮನೆ ಏಳುತ್ತಿರಲಿಲ್ಲ, ಮೊದಲು ಅದರ ಒಳಮೈ ಕಾಯಬೇಕು. ಅದಕ್ಕೆಂದೇ ಒಳಗೆ ಹೀಟರ್ ಪ್ಲಗ್ ಅಂತ ಸಣ್ಣ ಸುರುಳಿಗಳಿರುತ್ತಿದ್ದವು. ಡ್ರೈವರ್ ಸ್ವಿಚ್ ತಿರುಗಿಸಿ ಹಿಡಿದರೆ ಬ್ಯಾಟರಿಯ ಕರೆಂಟಿಗೆ ಅವು ಕಾಯುತ್ತವೆ. ಕಾದವೋ ಇಲ್ಲವೋ ಅಂತ ತಿಳಿಯಲು ಸ್ಟೇರಿಂಗಿನ ಮುಂದೆ ಅಂಥದೇ ಇನ್ನೊಂದು ಸುರುಳಿ. ಅದು ಕೆಂಡದ ಹಾಗೆ ಕೆಂಪಾದ ಮೇಲೆ ಸ್ಟಾರ್ಟ್ ಹೊಡೆಯಬೇಕು. ನಮ್ಮ ಲಾರಿಯ ಸುರುಳಿ ಕೆಂಪೇ ಆಗುತ್ತಿರಲಿಲ್ಲ. ಆರಿಹೋಗುವ ಊದುಬತ್ತಿಯ ಹಾಗೆ ಮಂಕಾಗಿ ಕೂತಿರುತ್ತಿತ್ತು.

ಆಗ ಅಪ್ಪನ ಕಣ್ಣು ನಮ್ಮ ಬಚ್ಚಲದ ಹಂಡೆಯ ಮೇಲೆ ಬಿತ್ತು.

ಬಾಣಂತಿಯ ನೀರು ಅಂದರೆ ಸಾಮಾನ್ಯವೇ? ಅವ್ವ ನಸುಕಿನಲ್ಲೇ ಎದ್ದು, ಬಾವಿಯಿಂದ ಸೇದಿ ಹೊತ್ತು ತಂದು, ಹತ್ತಿಕಟ್ಟಿಗೆ ಉರಿಸಿ, ಒಂದು ಹಂಡೆ ನೀರು ಕುದಿಸುತ್ತಿದ್ದಳು. ಎಣ್ಣೆ ಹಚ್ಚಿಸಿಕೊಂಡು ನಾನು ಬಚ್ಚಲಕ್ಕೆ ಹೋಗುವಷ್ಟರಲ್ಲಿ ಹೊರಗಿನಿಂದ ಅಪ್ಪನ ದನಿ. "ಏ, ಎರಡು ಕೊಡ ನೀರ ಕೊಡ. ರೇಡಿಯೇಟರಿಗೆ ಹಾಕಿದ್ರ ಚಾಲೂ ಆಗ್ತೈತಿ."

"ಬಾಣಂತಿ ನೀರ್ರಿ ಅವು" ಅಂದಳು ಅವ್ವ.

"ಆಕಿಗೆ ಮತ್ತ ಕಾಸು. ಕ್ವಾರ್ಯಾಗ ಮಂದಿ ಕಾಯಾಕತ್ತಾರ."

ಎರಡು ಕೊಡ ನಾಲ್ಕಾಯಿತು. ಹಂಡೆಯ ತಳದಲ್ಲಿ ಉಳಿದದ್ದಕ್ಕೆ ತಣ್ಣೀರು ಬೆರೆಸಿ ಅವ್ವ ನನಗೆ ಹಾಕುತ್ತಿದ್ದಳು. ಮೈಗೆ ಹಚ್ಚಿದ ಎಣ್ಣೆ ಕೂಡ ಹೋಗುತ್ತಿರಲಿಲ್ಲ. ನೀರು ಸಾಲದೆ ಆಮೇಲೆ ಕೆಂಡಕ್ಕೂ ಕೈ ಹಾಕಿದರು. ನನ್ನ ಹೊರಸಿನ ಕೆಳಗೆ ಇಡಬೇಕಾದ ಅಗ್ಗಿಷ್ಟಿಗೆಯನ್ನು ರಾಜೇಸಾಬ ಒಯ್ದು ಎಂಜಿನ್ನಿನ ಹೊಟ್ಟೆಯ ಕೆಳಗೆ ಇಡುವನು, ಆಯಿಲ್ ತೆಳ್ಳಗಾಗಲಿ ಅಂತ. ಸಂಜೆಯಾದರೆ ಬಾನೆಟ್ಟಿನ ಮೇಲೆ ನಮ್ಮ ಮನೆಯ ಕೌದಿ. "ನಮ್ಮನ್ಯಾಗ ಈ ಸಲ ಇಬ್ಬರು ಬಾಣಂತಿಯರು ನೋಡವಾ" ಅಂತ ಅವ್ವ ನಗುತ್ತಿದ್ದಳು, "ಆಕಿಗೆ ಅಂಟಿನುಂಡಿ ಒಂದ ಕೊಡೂದು ಉಳದೈತಿ." ನನಗೆ ನಗು ಬರುತ್ತಿರಲಿಲ್ಲ. ಅವ್ವನ ನಗು ಕಂಡರೂ ಸಿಟ್ಟೇ ಬರುತ್ತಿತ್ತು. ಎಲ್ಲದಕ್ಕೂ ನಕ್ಕು ನಕ್ಕೇ ಆಕೆ ಆ ಮನೆಯಲ್ಲಿ ಬಾಳಿದ್ದಳು.

ಆದರೆ ನೀರಿಗಾಗಿ, ಕೆಂಡಕ್ಕಾಗಿ ನಾನು ಇಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳುವಷ್ಟು ಸಣ್ಣವಳಲ್ಲ.

ರಾಜೇಸಾಬ ತನಗೆ ತಿಳಿದದ್ದನ್ನೆಲ್ಲ ಮಾಡಿದ. ಬ್ಯಾಟರಿ ಬಿಚ್ಚಿ ಹುನಗುಂದಕ್ಕೆ ಒಯ್ದು ಚಾರ್ಜ್ ಮಾಡಿಸಿ ತಂದ. ಲಾರಿ ಹಾಗೆಯೇ. ಬಾಗಲಕೋಟೆಯಿಂದ ಹೊಸ ಹೀಟರ್ ಪ್ಲಗ್ ತಂದು ಹಾಕಿದ. ಸುರುಳಿ ಮಂಕು. ತಂತಿಗಳನ್ನೆಲ್ಲ ಒರೆಸಿ ಬಿಗಿ ಮಾಡಿದ. ಏನೂ ಇಲ್ಲ. ಕಡೆಗೆ ಒಂದು ದಿನ ಪ್ಲಗ್ಗುಗಳನ್ನು ಹೊರಗೆ ತೆಗೆದು, ಬ್ಯಾಟರಿಯಿಂದ ಅವುಗಳಿಗೇ ನೇರ ತಂತಿ ಹಿಡಿದು ನೋಡಿದ. ಕಣ್ಣು ಕುಕ್ಕುವಂತೆ ಕೆಂಪಾದವು. ತಿರುಗಿ ಎಂಜಿನ್ನಿಗೆ ಹಾಕಿದ, ಮತ್ತೆ ಅದೇ ಊದುಬತ್ತಿ.

"ಹೊರಗ ಇದ್ರ ಕೆಂಪಗ ಕಾಯ್ತಾವ್ರಿ ಸಾವಕಾರ್ರ, ಒಳಗ ಹಾಕಿದ್ರ ಮಂಕ ಬೀಳ್ತಾವ. ನಂಗೂ ತಿಳಿವಲ್ದು" ಅಂದ.

ಅಪ್ಪನ ಅಕ್ಕ ಕಾಶವ್ವ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದ ಹಿರಿಯಳು, ಅವಳ ಮಾತಿಗೆ ಮನೆಯಲ್ಲಿ ಎದುರಿಲ್ಲ. ಮೊರ ಜಾಡಿಸುತ್ತಲೇ ಹೇಳಿದಳು. "ಹೊರಗ ನೆಟ್ಟಗೈತಿ, ಒಳಗ ಕೆಟ್ಟೈತಿ ಅಂದ್ರ ತಿಳಕೋಬೇಕಪಾ ತಮ್ಮಾ. ಲಾರಿ ನಿಂತದ್ದು ಯಾವತ್ತು? ಕೂಸು ಹುಟ್ಟಿದ ದಿನ. ಎಲ್ಲಾ ಕಾಲ್ಗುಣ."

ಕಿಟಕಿಯ ಈಚೆ ನಾನು ಕೂಸಿಗೆ ಹಾಲು ಕುಡಿಸುತ್ತಿದ್ದೆ. ಅಪ್ಪ ಈಗ "ಸುಮ್ನಿರಕ್ಕಾ" ಅನ್ನುತ್ತಾನೆ ಅಂತ ಕಾದೆ. ಅಪ್ಪ ಅನ್ನಲಿಲ್ಲ. ಮೀಸೆ ತೀಡಿಕೊಂಡು ಎಂಜಿನ್ನನ್ನೇ ನೋಡುತ್ತ ನಿಂತ. ಆ ಸುಮ್ಮನಿರುವಿಕೆಯಲ್ಲೇ ಮಾತು ಖರೆಯಾಗಿಹೋಯಿತು. ನೆಲ ಹಿಡಿಯದ, ಇನ್ನೂ ಕಾಲೇ ಊರದ ಕೂಸಿಗೆ ಎಂಥ ಕಾಲ್ಗುಣ?

ಮಾತಿಗೆ ಲಾರಿಯ ಹಾಗೆ ಹೀಟರ್ ಬೇಕಿಲ್ಲ, ಎಂಥ ಚಳಿಯಲ್ಲೂ ಓಡುತ್ತದೆ. ಓಣಿಯ ಮಗ್ಗದ ಮನೆಗಳೆಲ್ಲ ತಿರುಗಿ ನಮ್ಮ ಮಾವನ ಮನೆ ಬಾದಾಮಿಗೂ ಮುಟ್ಟಿತು. ಕೂಸನ್ನು ನೋಡಲು ಬಂದ ನನ್ನ ಗಂಡ ಹೊರಡುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ಹೇಳಿದರು. ನನ್ನ ಮುಖ ನೋಡಿ ಹೇಳಲಿಲ್ಲ, ಅದನ್ನೂ ಮರೆತಿಲ್ಲ.

"ಯುಗಾದಿಗೆ ಅಪ್ಪಾ ಹಿಟ್ಟಿನ ಗಿರಣಿ ಚಾಲೂ ಮಾಡಾವ್ರು. ಹೊಸ ಮಷೀನು. ಅವ್ವ ಏನಂತಾಳಂದ್ರ... ನೀ ಬಾ. ಕೂಸು ಒಂದಿಷ್ಟ ದಿನ ಇಲ್ಲೇ ನಿಮ್ಮವ್ವನ ಹತ್ರ ಇರ್ಲಿ."

"ಎಷ್ಟ ದಿನ?"

"ಗಿರಣಿ ಒಂದ ಹದಕ್ಕ ಬರೂತನಕ."

"ನೀವೇನಂತೀರಿ?"

"ನಂದೇನೈತಿ ಇದ್ರಾಗ. ಹಿರ್ಯಾರ ಮಾತು."

ಎದೆಹಾಲು ಕುಡಿಯುವ ಕೂಸನ್ನು ಬಿಟ್ಟು ಬರಬೇಕಂತೆ, ಇವರ ಗಿರಣಿ ಹದಕ್ಕೆ ಬರಬೇಕಂತೆ! ಆ ರಾತ್ರಿಯಿಡೀ ಅತ್ತೆ ಅಂತ ಬರೆದರೆ ಸುಳ್ಳಾಗುತ್ತದೆ. ನಾನು ಅಳಲಿಲ್ಲ, ಹಲ್ಲು ಕಡಿದೆ.

ಮರುದಿನ ಬೆಳಿಗ್ಗೆ ಹೊರಗೆ ಎಂದಿನಂತೆ ಕೊಡಪಾನದ ಸಪ್ಪಳ, ರೇಡಿಯೇಟರಿಗೆ ನೀರು ಸುರಿಯುವ ಸಪ್ಪಳ. ಕಿವಿಗೆ ಅರಳೆ ತುರುಕಿ ಬಟ್ಟೆ ಬಿಗಿದುಕೊಂಡು, ಕುಂಚಿಗೆ ಹಾಕಿದ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ನಾನು ಸೀದಾ ಅಂಗಳಕ್ಕೆ ನಡೆದೆ. ಬಾಣಂತಿ ಹೊಸ್ತಿಲು ದಾಟಿ ಚಳಿಗಾಳಿಗೆ ಬರುವುದೆಂದರೇನು! ಅವ್ವ ಹೌಹಾರಿದಳು. ಕಾಶವ್ವ "ಶಿವಶಿವಾ" ಅಂತ ಎದೆ ಮುಟ್ಟಿಕೊಂಡಳು.

"ಲೀಲಾ, ಒಳಗ ನಡಿ" ಅಂತ ಅಪ್ಪ ಗದರಿದ.

"ನಡಿಯಂಗಿಲ್ಲ. ಈ ಕೂಸಿನ ಕಾಲ್ಗುಣಕ್ಕ ಲಾರಿ ನಿಂತೈತಿ ಅಂತೀರಲ್ಲ, ಎದುರಿಗೇ ಹಿಡಕೊಂಡ ನಿಂದರತೇನಿ. ಹೊಡಿ ರಾಜೇಸಾಬ ಸ್ಟಾರ್ಟು. ಹೆಂಗ ನಿಲ್ಲಸ್ತೈತಿ ನಾನೂ ನೋಡ್ತೇನಿ."

ತೆರೆದ ಬಾನೆಟ್ಟಿನ ಪಕ್ಕದಲ್ಲೇ ನಿಂತೆ. ರಾಜೇಸಾಬ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, ಹತ್ತಿ ಕೂತು ಸ್ಟಾರ್ಟ್ ಹೊಡೆದ. ಎಂಜಿನ್ನು ಮುಲುಗಿತು. ಇನ್ನೊಮ್ಮೆ ಹೊಡೆದ. ನಾನು ಕಣ್ಣು ಕೀಲಿಸಿ ಆ ಹೊಳೆಯುವ ಬೆಳ್ಳಿಯ ರಾಶಿಯನ್ನೇ ನೋಡುತ್ತಿದ್ದೆ. ಆಗ ಒಂದು ಸಣ್ಣ ತಂತಿಯ ಮೈಯಿಂದ ಎಳೆಯಾಗಿ ಹೊಗೆ ಎದ್ದಿತು. ಎಂಜಿನ್ನು ಬಂದ್ ಮಾಡಲು ಡ್ರೈವರ್ ಕೂತಲ್ಲಿಂದ ಎಳೆಯುವ ತಂತಿ ಅದು, ಸ್ಟಾಪರ್ ಅನ್ನುತ್ತಿದ್ದರು.

"ಹೊಗಿ! ರಾಜೇಸಾಬ, ಇಲ್ಲಿ ಹೊಗಿ ಬರಾಕತ್ತೈತಿ!"

"ನೋಡ್ರಿ, ಕೂಸು ಹೊರಗ ಬಂದದ್ದ ತಡ, ಬೆಂಕೀನ ಹತ್ತಾಕತ್ತು" ಅಂದಳು ಕಾಶವ್ವ.

ರಾಜೇಸಾಬ ಜಿಗಿದು ಬಂದ. ತಂತಿ ಮುಟ್ಟಿ ಚಟ್ಟನೆ ಕೈ ತೆಗೆದು ಬೆರಳು ಬಾಯಿಗಿಟ್ಟುಕೊಂಡ. ಹಾಗೇ ನಿಂತು ಯೋಚನೆಗೆ ಬಿದ್ದ. "ಇದು ಬರೇ ಎಳಿಯೂ ತಂತಿರಿ ಸಾವಕಾರ್ರ. ಇದರಾಗ ಕರೆಂಟ್ ಬರಬಾರ್ದು. ಯಾಕ ಬಂತು?"

ಯಾಕೆ ಬಂತೆಂದು ಹೇಳಿದವಳು ಒಲೆಯ ಮುಂದೆ ಬಾಳು ಸವೆಸಿದ ನಮ್ಮ ಅವ್ವ. ಕೊಡ ಕೆಳಗಿಟ್ಟು ಅಂದಳು, "ಹೊಗಿಗೂಡು ಕಟ್ಟಿಕೊಂಡ್ರ ಹೊಗಿ ಬಾಗಲಾಗಿಂದ ಬರೂದಿಲ್ಲೇನು? ಅದರ ಹಾದಿ ಎಲ್ಲ್ಯರ ಕಟ್ಟಿರಬೇಕ ನೋಡಪಾ."

ರಾಜೇಸಾಬ ಸೀದಾ ಲಾರಿಯ ಕೆಳಗೆ ತೂರಿದ. ಎಂಜಿನ್ನಿನಿಂದ ಲಾರಿಯ ಚೌಕಟ್ಟಿಗೆ ತಾಮ್ರದ ತಂತಿ ಹೆಣೆದ ಒಂದು ಪಟ್ಟಿ ಇರುತ್ತದೆ. ಬ್ಯಾಟರಿಯಿಂದ ಎಂಜಿನ್ನಿಗೆ ಹೋದ ಕರೆಂಟು ತಿರುಗಿ ಬರುವುದು ಅದರ ಮೂಲಕ. ಸ್ಟಾರ್ಟಿಗೂ ಅದೇ ಹಾದಿ, ಹೀಟರಿಗೂ ಅದೇ. ಪಾನಾ ಹಾಕಿ ಬೋಲ್ಟು ಬಿಚ್ಚಿ ಪಟ್ಟಿಯನ್ನು ಈಚೆಗೆ ಎಳೆದ. ಪಟ್ಟಿಯ ಕೆಳಗೆ, ಕಬ್ಬಿಣಕ್ಕೆ ತಾಮ್ರ ತಾಗಬೇಕಾದಲ್ಲಿ, ದಪ್ಪಗೆ, ಒಂದಲ್ಲ ಎರಡು ಕೈ, ಫಳಫಳ ಸಿಲ್ವರ್ ಪೇಂಟು. ಪಟ್ಟಿಗೂ ಪೇಂಟು, ಬೋಲ್ಟಿನ ತೂತಿನೊಳಗೂ ಪೇಂಟು. ಪೇಂಟು ಕರೆಂಟನ್ನು ದಾಟಗೊಡುವುದಿಲ್ಲ, ಹಾದಿ ಕಟ್ಟಿದ ಕರೆಂಟು ಸ್ಟಾಪರಿನ ತಂತಿ ಹಿಡಿದಿತ್ತು.

ರಾಜೇಸಾಬ ಅಪ್ಪನ ಕಡೆ ನೋಡದೆ ಅರ ತೆಗೆದು ತಿಕ್ಕತೊಡಗಿದ. ಬೆಳ್ಳಿ ಉದುರಿ ಕಪ್ಪು ಕಬ್ಬಿಣ ಕಂಡಿತು. ಪಟ್ಟಿ ಬಿಗಿದು, ಹತ್ತಿ ಕೂತು, ಹೀಟರಿನ ಸ್ವಿಚ್ ತಿರುಗಿಸಿದ. "ಕೆಂಪ ಆತ್ರಿ!" ಅಂತ ಕೂಗಿದ್ದು ಕೇಳಿಸಿತು. ಮರುಗಳಿಗೆ ಲಾರಿ ಗುಡುಗಿ ಎದ್ದಿತು. ನನ್ನ ತೋಳಲ್ಲಿ ಮಂಗಲಾ ಬೆಚ್ಚಿ ಕಿರಿಚಿದಳು.

ನಾನು ಅಪ್ಪನನ್ನೇ ನೋಡಿದೆ. ಈಗಲಾದರೂ ಹೇಳುತ್ತಾನೆ ಅಂತ. ಅಪ್ಪ "ಹೊತ್ತಾತು, ಹೊಂಡು ಹೊಂಡು" ಅಂತ ರಾಜೇಸಾಬನನ್ನು ಕಳಿಸಿದ. ಕಾಶವ್ವನಂತೂ ಅಕ್ಕಿಯ ಮೊರ ಎತ್ತಿಕೊಂಡು ತೀರ್ಪು ಕೊಟ್ಟೇ ಬಿಟ್ಟಳು. "ಹೋಗ್ಲಿ ಬಿಡು. ಕೂಸಿನ ಮಕ ಲಾರಿಗೆ ತೋರಿಸಿದ್ದು ಚಲೋ ಆತು. ದೋಷ ಕಳೀತು."

ಕೇಳಿದಿರಾ? ಪೇಂಟು ಕಣ್ಣ ಮುಂದೆ ಉದುರಿ ಬಿದ್ದಿದೆ, ಆದರೂ ದೋಷ ಕೂಸಿನದೇ. ಮೊದಲು ಇತ್ತಂತೆ, ಈಗ ಕಳೆಯಿತಂತೆ.

ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ನಾನು ಎದುರಿಗೆ ಹೋಗಿ ನಿಂತೆ. "ಅಪ್ಪಾ, ಬಾದಾಮಿಗೆ ಹೋಗಿ ಹೇಳು. ಬಣ್ಣ ನಾ ಬಳದಿದ್ದೆ, ಅದಕ್ಕ ಲಾರಿ ನಿಂತಿತ್ತು, ಕೂಸಿಂದೇನೂ ಇಲ್ಲ ಅಂತ ನಿನ್ನ ಬಾಯಿಲೆ ಹೇಳು."

"ಬೀಗರ ಮುಂದ ನಾ ತಲಿ ತಗ್ಗಿಸ್ಲ್ಯಾ?"

"ನನ್ನ ಮಗಳು ತಗ್ಗಿಸಬಹುದೇನು?"

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ತಾಟಿನ ಕಡೆ ನೋಡುತ್ತಲೇ ಅಂದ, "ಆ ಬಣ್ಣ ನಿನ್ನ ಸಲುವಾಗೇ ಹಚ್ಚಿದ್ದೆ. ಮಗಳು ಸುಸೂತ್ರ ಹಡದ್ರ ಎಂಜಿನ್ನಿಗೆ ಬೆಳ್ಳಿ ಹೊದಿಸ್ತೇನಿ ಅಂತ ಬೇಡಿಕೊಂಡಿದ್ದೆ. ಖರೇ ಬೆಳ್ಳಿ ಎಲ್ಲಿಂದ ತರ್ಲಿ? ಒಂದ ಗುಂಜಿ ಜಾಗಾನೂ ಬಿಡಬಾರದು ಅಂತ ಬೋಲ್ಟ್ ಬಿಚ್ಚಿ ಹಚ್ಚಿದೆ."

ಇಲ್ಲಿ ನಾನು ಕರಗಬೇಕಿತ್ತು. ಅವ್ವ ಬಾಗಿಲ ಮರೆಯಲ್ಲಿ ಕಣ್ಣು ಒರೆಸಿಕೊಂಡಳು. ನನಗೆ ಮಾತ್ರ ಸಿಟ್ಟು ಇಮ್ಮಡಿಯಾಯಿತು. ನನ್ನ ಮೇಲೆ ಅಷ್ಟು ಪ್ರೀತಿ ಇದ್ದರೆ ಆ ಪ್ರೀತಿ ಎಂಜಿನ್ನಿಗೆ ಯಾಕೆ? ನನ್ನ ಹಂಡೆಗೆ ಒಂದು ಹೊರೆ ಕಟ್ಟಿಗೆ ಹೆಚ್ಚಿಗೆ ತಂದು ಹಾಕಬಹುದಿತ್ತು. "ನನ್ನ ಸಲುವಾಗಿ ಬಳದಿದ್ರ ನನ್ನ ಸಲುವಾಗೇ ಹೇಳು" ಅಂದೆ. ಅಪ್ಪ ಕೈ ತೊಳೆದು ಎದ್ದುಹೋದ.

ಯುಗಾದಿ ಬಂತು. ನಾನು ಕೂಸನ್ನು ಬಿಟ್ಟು ಹೊರಡುವ ಮಾತೇ ಇರಲಿಲ್ಲ. ತವರಿನವರು ಬಾಣಂತಿಯನ್ನೂ ಕೂಸನ್ನೂ ತೊಟ್ಟಿಲ ಸಮೇತ ಕಳಿಸಿಕೊಡುವುದು ನಮ್ಮಲ್ಲಿ ಪದ್ಧತಿ, ಹಾಗಾಗಿ ಅಪ್ಪ ಬರಲೇಬೇಕಾಯಿತು. ಅದೇ ಲಾರಿಯ ಹಿಂದೆ ತೊಟ್ಟಿಲು ಕಟ್ಟಿ, ಹುನಗುಂದ, ಅಮೀನಗಡ ದಾಟಿ ಬಾದಾಮಿಗೆ ಹೋದೆವು. ಲಾರಿ ಎಲ್ಲೂ ಕೆಮ್ಮಲಿಲ್ಲ.

ಗಿರಣಿಗೆ ಮಾವಿನ ತೋರಣ ಕಟ್ಟಿದ್ದರು, ಬೀಗರು ನೆಂಟರು ಜಮಖಾನೆಯ ಮೇಲೆ ಕೂತಿದ್ದರು. ನಮ್ಮತ್ತೆ ನಿವಾಳಿಸಲು ರೊಟ್ಟಿ ನೀರು ಹಿಡಿದು ಹೊಸ್ತಿಲಿಗೆ ಬಂದವರು ನನ್ನ ಕೈಯಲ್ಲಿ ಕೂಸು ನೋಡಿ ಅಲ್ಲೇ ನಿಂತರು. ನನ್ನನ್ನು ಬಿಟ್ಟು ಅಪ್ಪನನ್ನು ಕೇಳಿದರು. "ಬೀಗರ, ಲಾರಿ ಈಗ ನೆಟ್ಟಗೈತೇನ್ರಿ?"

"ನೆಟ್ಟಗೈತ್ರಿ" ಅಂದ ಅಪ್ಪ. ಅಷ್ಟಕ್ಕೇ ನಿಲ್ಲಿಸಿದ್ದರೂ ನಾನು ಸುಮ್ಮನಿರುತ್ತಿದ್ದೆನೇನೋ. ಮುಂದುವರಿಸಿದ. "ಕೂಸಿಂದು ಏನ ದೋಷ ಇತ್ತೋ, ಎಲ್ಲಾ ಕಳೀತ್ರಿ."

ನಾನು ಬಾಯಿ ಬಿಟ್ಟೆ. ಜಮಖಾನೆಯ ಮೇಲಿದ್ದವರಿಗೆಲ್ಲ ಕೇಳಿಸುವಂತೆ ಹೇಳಿದೆ. ಬಣ್ಣ ಹೇಳಿದೆ, ಪಟ್ಟಿ ಹೇಳಿದೆ, ಅರದಿಂದ ತಿಕ್ಕಿದ್ದು ಹೇಳಿದೆ. "ದೋಷ ಎಂಜಿನ್ನಿನ ಮ್ಯಾಲ ಇತ್ರಿ, ನಮ್ಮಪ್ಪನ ಕೈಲೆ ಹಚ್ಚಿದ್ದು. ಇಲ್ಲ ಅನ್ಲಿ ನೋಡೋಣು." ಲಾರಿಯ ಹತ್ತಿರ ನಿಂತಿದ್ದ ರಾಜೇಸಾಬನನ್ನು ನಾನು ಸಾಕ್ಷಿಗೆ ಕರೆಯಲಿಲ್ಲ. ಅವನ ಅನ್ನಕ್ಕೆ ಕಲ್ಲು ಹಾಕುವುದು ನನಗೆ ಬೇಕಿರಲಿಲ್ಲ.

"ಖರೇನ್ರಿ ಬೀಗರ?" ಅಂದರು ಅತ್ತೆ.

ಅಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹೆಗಲ ಮೇಲಿನ ಟವೆಲ್ ಕೊಡವಿ, ಚಪ್ಪಲಿ ಮೆಟ್ಟಿಕೊಂಡು, ಹೋಳಿಗೆಯ ಊಟ ಬಿಟ್ಟು ಲಾರಿ ಹತ್ತಿದ. ರಾಜೇಸಾಬ ಸ್ವಿಚ್ ತಿರುಗಿಸಿದ ಕೂಡಲೇ ಎಂಜಿನ್ನು ಎದ್ದಿತು.

"ಏನ ಮಂದಿನೋ ಏನೋ, ತಮ್ಮ ತಪ್ಪಿಗೆ ನಮ್ಮ ಮೊಮ್ಮಗಳ ಹೆಸರು ಕೆಡಿಸಿದ್ರು" ಅನ್ನುತ್ತ ಅತ್ತೆ ರೊಟ್ಟಿ ನಿವಾಳಿಸಿ ಚೆಲ್ಲಿ, ಕೂಸನ್ನು ಎತ್ತಿಕೊಂಡು ಒಳಗೆ ಹೋದರು. ಕೂಸನ್ನು ಬಿಟ್ಟು ಬಾ ಅಂದವರೇ ಇವರು! ಅದನ್ನು ಅನ್ನಿಸಿಕೊಳ್ಳಲು ಅವರು ನಿಲ್ಲಲೂ ಇಲ್ಲ. ಆವತ್ತು ಗಿರಣಿ ತಿರುಗಿತು, ಇವತ್ತಿಗೂ ತಿರುಗುತ್ತಿದೆ, ಈಗ ನಡೆಸುತ್ತಿರುವವಳು ಮಂಗಲಾನೇ.

ಅಪ್ಪ ಮತ್ತೆ ಬಾದಾಮಿಯ ಹೊಸ್ತಿಲು ತುಳಿಯಲಿಲ್ಲ. ಹಬ್ಬಕ್ಕೆ ನಾನೇ ಇಳಕಲ್ಲಿಗೆ ಹೋಗುತ್ತಿದ್ದೆ. ಮೊಮ್ಮಗಳಿಗೆ ಲಂಗ ತರುತ್ತಿದ್ದ, ಪೇರಲಹಣ್ಣು ತರುತ್ತಿದ್ದ, ಆ ಒಂದು ಮಾತು ಮಾತ್ರ ಇಲ್ಲ. ಊರಲ್ಲಿ ಇವತ್ತಿಗೂ ಮದುವೆ ಮುಂಜಿಯಲ್ಲಿ ಯಾರಾದರೊಬ್ಬರು "ಈಕೀನ ಅಲ್ಲ, ಹುಟ್ಟಿದಾಗ ಲಾರಿ ನಿಂದರಿಸಿದಾಕಿ?" ಅಂತ ನಗುತ್ತ ಕೇಳುತ್ತಾರೆ. ಮಂಗಲಾಳೂ ನಗುತ್ತಾಳೆ. ಥೇಟ್ ನಮ್ಮ ಅವ್ವನ ನಗು.

ಮಂಗಲಾಳಿಗೆ ಏಳೆಂಟು ವರ್ಷವಿದ್ದಾಗ ಅಪ್ಪ ಲಾರಿಯನ್ನು ಗುಜರಿಗೆ ಕೊಟ್ಟ. ಒಯ್ಯಲು ಬರುವ ದಿನ ನಾನು ಅಲ್ಲೇ ಇದ್ದೆ. ರಾಜೇಸಾಬ ಕಡೆಯ ಸಲ ಬಾನೆಟ್ ಎತ್ತಿ ನನ್ನನ್ನು ಕರೆದ. ಎಂಜಿನ್ನಿನ ಮೈಮೇಲೆ ವರ್ಷವರ್ಷದ ಸಿಲ್ವರ್ ಪೇಂಟು ಪದರು ಪದರಾಗಿ ಕೂತಿತ್ತು. ತಾಮ್ರದ ಪಟ್ಟಿ ಕೂಡುವಲ್ಲಿ ಮಾತ್ರ ಅಂಗೈಯಷ್ಟು ಜಾಗ ಬೋಳು, ಕಪ್ಪು ಕಬ್ಬಿಣ, ಒಂದು ಚುಕ್ಕೆ ಬಣ್ಣವಿಲ್ಲ.

"ಪ್ರತಿ ಮಾನಮಿಗೂ ಸಾವಕಾರ್ರು ಮದ್ಲ ಇಲ್ಲೆ ಒಂದ ಅರಿವಿ ಸುತ್ತಾವ್ರು, ಆಮ್ಯಾಲ ಬಣ್ಣ ಹಿಡಿಯಾವ್ರು" ಅಂದ. "ನನ್ನ ಕೈಲೆ ಒಮ್ಮಿನೂ ಮಾಡಸಲಿಲ್ಲ."

ಹಿಂದೆ ನಿಂತಿದ್ದ ಅವ್ವ ನನ್ನ ಹೆಗಲು ಹಿಡಿದಳು. "ನೋಡು, ನಿಮ್ಮಪ್ಪಗ ತಿಳದೈತಿ. ಇನ್ನರ ಬಿಡು."

ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಮಂಗಲಾ ಕಾಲು ಅಲ್ಲಾಡಿಸುತ್ತ ಪೇರಲ ತಿನ್ನುತ್ತಿದ್ದಳು. ಇಬ್ಬರ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಅಪ್ಪ ನಾವು ನೋಡುತ್ತಿದ್ದುದನ್ನು ನೋಡಿದ, ಮುಖ ಆ ಕಡೆ ತಿರುಗಿಸಿದ. ಗುಜರಿಯವರು ಬಂದರು, ಲಾರಿಯನ್ನು ಎಳೆದುಕೊಂಡು ಹೋದರು. ಅಪ್ಪನೂ ಈಗ ಇಲ್ಲ.

ಒಂದು ಬೋಲ್ಟಿನ ಮುಂದೆ ವರ್ಷವರ್ಷವೂ ಮಂಡಿಯೂರಿ ತಪ್ಪು ಒಪ್ಪಿಕೊಂಡ ಮನುಷ್ಯನಿಗೆ, ಪಕ್ಕದಲ್ಲಿ ಕೂತ ಆ ಹುಡುಗಿಯ ಕಡೆ ತಿರುಗಿ ಒಂದೇ ಒಂದು ಸಲ "ನಿಂದಲ್ಲವ್ವಾ, ನಂದು" ಅನ್ನಲು ಏನು ಧಾಡಿಯಾಗಿತ್ತು?